ರಸ್ತೆಗೆ ಮುಖಮಾಡಿ ನಿಂತ ಕಲ್ಲು

ನನ್ನ ಚಿಕ್ಕಮ್ಮ ಮೆಲ್ತಿನೆ ಹುಟ್ಟಿದ್ದು ಕಲ್ಲುಗಣಿಯ ಕೇರಿಯಲ್ಲಿ. ಅವಳ ಅಪ್ಪ ಅಮೃತಶಿಲೆಯ ಬಂಡೆಗಳ ಮೇಲೆ ಗುರುತಿನ ಅಕ್ಷರ ಬರೆಯುವವನು. ಯಾವ ಬಂಡೆ ರೋಮಿಗೆ ಹೋಗಬೇಕು, ಯಾವುದು ಬಿರುಕು ಬಿಟ್ಟಿದೆ ಎಂದು ಕೆಮ್ಮಣ್ಣಿನ ಬಣ್ಣದಲ್ಲಿ ಬರೆಯುತ್ತಿದ್ದ. ಅಪ್ಪನ ಹಿಂದೆ ಬಣ್ಣದ ಕುಡಿಕೆ ಹಿಡಿದು ತಿರುಗುತ್ತಲೇ ಚಿಕ್ಕಮ್ಮ ಅಕ್ಷರ ಕಲಿತಳು. ನಮ್ಮೂರು ಕಲೋವಾದಲ್ಲಿ ಆಗ ಓದಲು ಬರುತ್ತಿದ್ದವರು ಇಬ್ಬರೇ, ಊರಿನ ಬರವಣಿಗೆಯವನು ಮತ್ತು ಗುಡುಗಿನ ದೇವರು ಜ್ಯೂಸನ ಪೂಜಾರಿ. ಮದುವೆಯಾಗಿ ಅವಳು ಬಂದಮೇಲೆ ಮೂವರಾದರು. ಪೂಜಾರಿಗೆ ಅದು ಕೊನೆಯವರೆಗೂ ಸಹನವಾಗಲಿಲ್ಲ.

ಅವಳ ಗಂಡ ತ್ರೋಫಿಮ, ನನ್ನ ಅಪ್ಪನ ತಮ್ಮ, ಕಲ್ಲುಕುಟಿಗ. ನಮ್ಮ ಕಡೆ ಸತ್ತವರ ಸಮಾಧಿಗೆ ಬಾಗಿಲಿನಂತೆ ಕೆತ್ತಿದ ಕಲ್ಲು ನಿಲ್ಲಿಸುತ್ತೇವೆ. ಎರಡು ರೆಕ್ಕೆಯ ಬಾಗಿಲು, ಅದಕ್ಕೆ ಬೀಗದ ಕಿಂಡಿ, ಹಿಡಿಯ ಬಳೆ. ಗಂಡಸಾದರೆ ನೇಗಿಲು, ಎತ್ತು; ಹೆಂಗಸಾದರೆ ನೂಲುವ ಕದಿರು, ಬಾಚಣಿಗೆ, ಕನ್ನಡಿ. ಚಿಕ್ಕಪ್ಪನ ಬಾಗಿಲುಗಳಿಗೆ ಹತ್ತೂರಲ್ಲಿ ಹೆಸರಿತ್ತು. ಆದರೆ ಅವನಿಗೆ ಅಕ್ಷರ ಬಾರದು. ಬೇರೆಯವರು ಬರೆದುಕೊಟ್ಟದ್ದನ್ನು ನೋಡಿಕೊಂಡು ಕೆತ್ತುತ್ತಿದ್ದ, ಎಷ್ಟೋ ಸಲ ತಲೆಕೆಳಗು ಮಾಡುತ್ತಿದ್ದ. ಮದುವೆಯಾದ ಎಂಟನೇ ದಿನ ಚಿಕ್ಕಮ್ಮ ಅಂಗಳದಲ್ಲಿ ನಿಲ್ಲಿಸಿದ್ದ ಒಂದು ಕಲ್ಲನ್ನು ನೋಡಿ ಮುಸುಕು ಬಾಯಿಗಿಟ್ಟು ನಕ್ಕಳಂತೆ.

"ಏನೇ ನಗ್ತೀಯ?"

"ಸತ್ತವನ ಹೆಸರು ಅಪ್ಪಾಸ್ ತಾನೆ? ಕೊನೆಯ ಅಕ್ಷರ ಬಿಟ್ಟು ನೀವು ಅವನನ್ನ ಹೆಂಗಸು ಮಾಡಿಬಿಟ್ಟಿದ್ದೀರ."

ಅಂದಿನಿಂದ ಬಾಗಿಲು ಅವನದು, ಅಕ್ಷರ ಅವಳದು. ಮೊದಮೊದಲು ಅವಳು ಬಣ್ಣದಲ್ಲಿ ಬರೆದುಕೊಟ್ಟು ಸುಮ್ಮನಿರುತ್ತಿದ್ದಳು. ಹದಿನೈದು ವರ್ಷ ಕಲ್ಲಿನ ಧೂಳು ತಿಂದು ಚಿಕ್ಕಪ್ಪನ ಕಣ್ಣಿನ ಮೇಲೆ ಬಿಳಿ ಪೊರೆ ಬಂತು. ಒಂದು ದಿನ ಸುತ್ತಿಗೆ ಉಳಿಯ ಮೇಲೆ ಬೀಳುವ ಬದಲು ಹೆಬ್ಬೆರಳ ಮೇಲೆ ಬಿತ್ತು. ಅವನು ಉಳಿಯನ್ನು ನೆಲಕ್ಕೆ ಎಸೆದು ಗೋಡೆಗೆ ಮುಖ ಮಾಡಿ ಕೂತ. ಅವಳು ಉಳಿ ಎತ್ತಿಕೊಂಡಳು, ಧೂಳು ಒರೆಸಿದಳು, ಅವನು ಬಿಟ್ಟ ಕಡೆಯಿಂದಲೇ ಶುರುಮಾಡಿದಳು.

ಊರು ಆಡದ ಮಾತಿಲ್ಲ. ಬಾವಿಯ ಬಳಿ ಹೆಂಗಸರು, "ಏನವ್ವ, ನಿನ್ನ ಗಂಡ ಇನ್ಮೇಲೆ ಉಣ್ಣೆ ನೂಲ್ತಾನಾ?" ಎನ್ನುತ್ತಿದ್ದರು. ಚಿಕ್ಕಮ್ಮ ಬಿಂದಿಗೆ ತಲೆಗೇರಿಸಿಕೊಂಡು, "ನೂಲ್ತಾರೆ, ನಿಮಗಿಂತ ಸಣ್ಣಗೆ ನೂಲ್ತಾರೆ. ತಂದು ತೋರಿಸ್ತೀನಿ ಇರಿ," ಎಂದು ಹೊರಟುಬಿಡುತ್ತಿದ್ದಳು. ಮಾರನೇ ವಾರ ನಿಜವಾಗಿಯೂ ತಂದು ತೋರಿಸಿದಳು. ಚಿಕ್ಕಪ್ಪ ಕಣ್ಣಿಲ್ಲದೆ ನೂತ ಎಳೆ ಅದು, ಒಂದು ಗಂಟೂ ಇರಲಿಲ್ಲ.

ಹೀಗಿರುವಾಗ, ಅವಳಿಗೆ ನಲವತ್ತು ದಾಟಿದ ವರ್ಷ, ಒಂದು ಬೆಳಿಗ್ಗೆ ಹನ್ನೆರಡು ಜನ ಒಟ್ಟಾಗಿ ಅಂಗಳಕ್ಕೆ ಬಂದರು. ಮುಂದೆ ಬಟ್ಟೆ ಮಡಿ ಮಾಡುವ ಯೂತಿಕ, ಅವನ ಹಿಂದೆ ಚರ್ಮ ಹದಮಾಡುವವನು, ಗಿಣ್ಣು ಮಾರುವ ಮುದುಕಿ, ಮೇಲಿನ ಹೊಲಗಳ ಒಡತಿಯಾದ ಒಬ್ಬ ವಿಧವೆ. ಒಂದೇ ಪಂಕ್ತಿಯಲ್ಲಿ ಎಂದೂ ಕೂರದ ಜನ. ಅವರೊಳಗೆ ನಾನೂ ಇದ್ದೆ. ಯೂತಿಕನ ಮಗನನ್ನು ಮದುವೆಯಾಗಿ ಎರಡು ವರ್ಷವಾಗಿತ್ತು. ನಮಗೆ ಬೇಕಾಗಿದ್ದದ್ದು ಮಾನಿಯಾ ಎಂಬ ತೊತ್ತಿನ ಹೆಂಗಸಿಗೆ ಒಂದು ಕಲ್ಲು. ಅರಮನೆಯ ಜಮೀನಿನ ಪಾರುಪತ್ಯಗಾರ ಅವಳಿಗೆ ಕಾಯಿಲೆಯೆಂದು ಗೊತ್ತಾದ ದಿನವೇ ಹೊರಗೆ ಹಾಕಿದ್ದ. ನಾಲ್ಕು ತಿಂಗಳು ನಮ್ಮ ಮನೆಗಳಲ್ಲಿ ಸರದಿಯ ಮೇಲೆ ಇದ್ದು ಸತ್ತಿದ್ದಳು.

"ಏನು ಬರೀಲಿ?" ಎಂದಳು ಚಿಕ್ಕಮ್ಮ.

"'ಮಾನಿಯಾ, ನಮ್ಮ ತಂಗಿ' ಅಂತ ಬರೀರಿ ಅಮ್ಮ," ಎಂದ ಯೂತಿಕ.

"ಅವಳು ಪಾರುಪತ್ಯಗಾರನ ಆಳು. ಎಲ್ಲಿಂದಲೋ ಕೊಂಡು ತಂದೋಳು. ಯಾರ ತಂಗಿ ಅಂತ ಸರಿಯಾಗಿ ಹೇಳಿ. ಕಲ್ಲಿನ ಮೇಲೆ ಬರೆದದ್ದನ್ನ ಆಮೇಲೆ ತಿದ್ದಕ್ಕಾಗಲ್ಲ."

"ನನ್ನ ತಂಗಿ," ಎಂದ ಯೂತಿಕ.

"ನನಗೂ ತಂಗಿ," ಎಂದ ಚರ್ಮದವನು. ಗಿಣ್ಣಿನ ಮುದುಕಿ, "ನನಗೂ," ಎಂದಳು. ಹೊಲದೊಡತಿ ಕತ್ತೆತ್ತಿ, "ನನ್ನ ತಂಗಿ ಕಣಮ್ಮ. ಹಾಗೇ ಬರಿ," ಎಂದಳು. ಹೀಗೆ ಹನ್ನೆರಡು ಜನರೂ ಹೇಳಿದರು. ಗೋಡೆಯ ಬಳಿ ಉಣ್ಣೆ ನೂಲುತ್ತಿದ್ದ ಚಿಕ್ಕಪ್ಪ ಕದಿರು ನಿಲ್ಲಿಸಿ ತಲೆ ಓರೆಮಾಡಿ ಕೇಳುತ್ತಿದ್ದ.

ಆ ಕಲ್ಲನ್ನು ಅವಳು ಮೂರು ದಿನದಲ್ಲಿ ಮುಗಿಸಿದಳು. ನಾಲ್ಕನೇ ದಿನ ಭಾನುವಾರ. ಬೆಳಕು ಹರಿಯುವ ಮುಂಚೆ ನಾವು ಸೇರುತ್ತಿದ್ದ ಯೂತಿಕನ ಮನೆಯ ಬಾಗಿಲಲ್ಲಿ ಅವಳು ಬಂದು ನಿಂತಿದ್ದಳು. "ತಾತಿಯಾ, ನಿಮ್ಮ ಮಾವನ್ನ ಕೇಳು, ಒಳಗೆ ಬರಬಹುದಾ?" ಎಂದಳು ನನಗೆ. "ನಾನು ಇಪ್ಪತ್ತು ವರ್ಷದಿಂದ ಸತ್ತವರ ಹೆಸರಿನ ಮುಂದೆ ಗಂಡ, ಹೆಂಡ್ತಿ, ಮಗ, ಮಗಳು ಅಂತ ಬರೆದಿದೀನಿ. ಯಾರೂ ಇಲ್ಲದೋಳಿಗೆ ಹನ್ನೆರಡು ಜನ ಬಂದು ನಮ್ಮೋಳು ಅಂದದ್ದನ್ನ ನೋಡಿರಲಿಲ್ಲ ಕಣೆ."

ಒಂದು ವರ್ಷ ಕೇಳಿದಳು, ಕಲಿತಳು, ವಾದ ಮಾಡಿದಳು. ಮುಂದಿನ ವಸಂತದಲ್ಲಿ ಹಿಮ ಕರಗಿ ತೆಂಬ್ರಿಸ್ ನದಿ ಮೈಕೊರೆಯುತ್ತಿದ್ದಾಗ ಅದರಲ್ಲಿ ಮುಳುಗಿ ದೀಕ್ಷೆ ಪಡೆದಳು. ಹಲ್ಲು ಕಟಕಟ ಎನ್ನುತ್ತ ಮನೆಗೆ ಬಂದ ಅವಳನ್ನು ಚಿಕ್ಕಪ್ಪ ಒಲೆಯ ಮುಂದೆ ಕೂರಿಸಿದ.

"ಚಳಿಗೆ ಸಾಯ್ಲಿ ಅಂತ ಮುಳುಗಿಸ್ತಾರಾ ನಿಮ್ಮೋರು?"

"ಸಾಯೋದೂ ಆಯ್ತು, ಹುಟ್ಟೋದೂ ಆಯ್ತು. ಕಂಬಳಿ ಕೊಡಿ."

"ನಿನ್ನ ದೇವರಿಗೆ ಮುಖ ಇಲ್ಲ, ನನಗೆ ಕಣ್ಣಿಲ್ಲ. ನಮ್ಮಿಬ್ಬರದು ಒಳ್ಳೆ ಜೋಡಿ," ಎಂದು ನಗಾಡಿದ ಚಿಕ್ಕಪ್ಪ. ಆದರೆ ಕಂಬಳಿ ಕೊಟ್ಟ.

ಮುಂದೆ ಏಳೆಂಟು ವರ್ಷ ಚೆನ್ನಾಗಿಯೇ ನಡೆಯಿತು. ನಾವು ಹನ್ನೆರಡು ಇದ್ದವರು ನಲವತ್ತರ ಮೇಲಾದೆವು. ಊರಿಗೆಲ್ಲ ನಾವು ಯಾರೆಂದು ಗೊತ್ತು. ಆದರೆ ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ, ನಾವೂ ಹೇಳಿಕೊಳ್ಳುತ್ತಿರಲಿಲ್ಲ. ನಮ್ಮವರ ಕಲ್ಲುಗಳ ಮೇಲೂ ಬಿಡಿಸಿ ಬರೆಯುತ್ತಿರಲಿಲ್ಲ. ಸಮಾಧಿ ಕೆಡಿಸಿದವರ ಮಕ್ಕಳು ಅನಾಥರಾಗಲಿ, ಮನೆ ಹಾಳಾಗಲಿ ಎಂದು ಶಾಪ ಕೆತ್ತುವುದು ನಮ್ಮ ಕಡೆಯ ಪದ್ಧತಿ. ಚಿಕ್ಕಮ್ಮ ನಮ್ಮವರಿಗೆ ಅದನ್ನು ಬಿಟ್ಟು, "ಅವನು ದೇವರಿಗೆ ಉತ್ತರ ಹೇಳಿಕೊಳ್ಳಲಿ" ಎಂದಷ್ಟೇ ಕೆತ್ತುತ್ತಿದ್ದಳು. ತಿಳಿದವರಿಗೆ ತಿಳಿಯುತ್ತಿತ್ತು. ತಿಳಿಯದವರು ಯಾವುದೋ ಒಂದು ದೇವರು ಎಂದುಕೊಂಡು ಮುಂದೆ ಹೋಗುತ್ತಿದ್ದರು.

ಆಮೇಲೆ ಚಕ್ರವರ್ತಿಯ ಆಜ್ಞೆ ಬಂತು. ರಾಜ್ಯದಲ್ಲಿರುವ ಎಲ್ಲರೂ, ಗಂಡು ಹೆಣ್ಣೆನ್ನದೆ, ಅಧಿಕಾರಿಯ ಕಣ್ಣೆದುರು ದೇವರುಗಳಿಗೆ ಧೂಪ ಹಾಕಬೇಕು, ದ್ರಾಕ್ಷಾರಸ ಎರೆಯಬೇಕು, ಬಲಿಯ ಮಾಂಸ ಬಾಯಿಗಿಡಬೇಕು. ಮಾಡಿದವರಿಗೆ ಚೀಟಿ, ಮಾಡದವರಿಗೆ ಸೆರೆಮನೆ.

ಊರ ಯಜಮಾನ ದಿಯೋಗ ಮರುದಿನವೇ ಚಿಕ್ಕಮ್ಮನ ಅಂಗಳಕ್ಕೆ ಬಂದ. ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಮನುಷ್ಯ, ಕೆಟ್ಟವನಲ್ಲ. ಅವನ ಅಪ್ಪನ ಬಾಗಿಲುಕಲ್ಲು ಕೆತ್ತಿದವಳು ಚಿಕ್ಕಮ್ಮನೇ.

"ಮೆಲ್ತಿನೆ, ನಮ್ಮ ಬಲಿಪೀಠ ಹಳೇದು, ಮೂಲೆ ಒಡೆದೋಗಿದೆ. ಪಟ್ಟಣದಿಂದ ಅಧಿಕಾರಿ ಬರ್ತಾರೆ, ಮರ್ಯಾದೆ ಪ್ರಶ್ನೆ. ಇಪ್ಪತ್ತು ದಿನದಲ್ಲಿ ಹೊಸದೊಂದು ಆಗಬೇಕು."

"ಆಗಲ್ಲ ಯಜಮಾನ್ರೆ."

"ಇಪ್ಪತ್ತೈದು ದಿನ ತಗೋ."

"ದಿನ ಸಾಲಲ್ಲ ಅಂದೆನಾ? ನಾನು ಕೆತ್ತಲ್ಲ ಅಂದೆ."

ದಿಯೋಗ ಒಂದು ಕಲ್ಲಿನ ಮೇಲೆ ಕೂತು ಮುಖ ಒರೆಸಿಕೊಂಡ. "ನೋಡವ್ವ, ನಿನ್ನ ವಿಷಯ ನನಗೆ ಗೊತ್ತಿಲ್ವಾ? ಊರಿಗೇ ಗೊತ್ತು. ನಾನು ಎಂದಾದರೂ ಕೆದಕಿದೀನಾ? ಈಗ ನೀನಾಗೇ ಕೆದಕಿಸಬೇಡ."

ಕೊನೆಗೆ ಪೀಠ ಕೆತ್ತಲು ಪಕ್ಕದೂರಿನವನೊಬ್ಬ ಬಂದ. ಬೀಸುಕಲ್ಲು ಮಾಡುವವನು, ಪೀಠವನ್ನೂ ಬೀಸುಕಲ್ಲಿನಂತೆಯೇ ಮಾಡಿಟ್ಟ. ಅಧಿಕಾರಿ ಬರುವ ಹಿಂದಿನ ದಿನ ದಿಯೋಗ ಮತ್ತೆ ಬಂದು, ಮಡಿಚಿದ ಒಂದು ಚೀಟಿಯನ್ನು ಚಿಕ್ಕಮ್ಮನ ಮುಂದಿಟ್ಟ. ಅವಳು ಬಿಡಿಸಿ ಓದಿದಳು. ಮೆಲ್ತಿನೆ, ತ್ರೋಫಿಮನ ಹೆಂಡತಿ, ಐವತ್ತು ವರ್ಷ, ಬಲಗೈ ಹೆಬ್ಬೆರಳ ಬಳಿ ಗಾಯದ ಕಲೆ, ದೇವರುಗಳಿಗೆ ಧೂಪ ಹಾಕಿದ್ದಾಳೆ, ಬಲಿಯ ಮಾಂಸ ತಿಂದಿದ್ದಾಳೆ.

"ಯಾವಾಗ ತಿಂದೆ ಯಜಮಾನ್ರೆ? ರುಚಿ ಹೇಗಿತ್ತು?"

"ತಮಾಷೆ ಬಿಡು. ಇದನ್ನ ಇಟ್ಕೊಂಡು ನಾಳೆ ಮನೇಲಿರು, ಸಾಕು. ನಾನು ಹೇಗೋ ನಿಭಾಯಿಸ್ತೀನಿ. ನಿನಗೇನಾದರೂ ಆದರೆ ಈ ಕುರುಡನ ಗತಿ ಏನು?"

ಚಿಕ್ಕಪ್ಪ ಅಲ್ಲೇ ಇದ್ದ. "ತಗೊಳ್ಳೇ," ಎಂದ ಮೆಲ್ಲಗೆ. ಅವನು ಹಾಗೆ ಬೇಡಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಚಿಕ್ಕಮ್ಮ ಚೀಟಿಯನ್ನು ಮತ್ತೊಮ್ಮೆ ಓದಿದಳು. ಆಮೇಲೆ ಉಳಿಗಳನ್ನು ಹದ ಮಾಡಲು ಕಾಯಿಸುವ ಕೆಂಡದೊಳಗೆ ಅದನ್ನು ಹಾಕಿದಳು. "ನಿಮ್ಮ ಮನಸ್ಸು ದೊಡ್ಡದು ಯಜಮಾನ್ರೆ. ಇದನ್ನ ನೀವು ಬರೆಸಿದ್ದು ಅಂತ ಯಾರಿಗೂ ಗೊತ್ತಾಗೋದು ಬೇಡ, ಅದಕ್ಕೇ ಸುಟ್ಟೆ. ಆದರೆ ನನಗೆ ಓದಕ್ಕೆ ಬರುತ್ತಲ್ಲ, ಅದೇ ಕಷ್ಟ. ಈ ಸುಳ್ಳನ್ನ ಮನೇಲಿಟ್ಕೊಂಡು ಹೇಗೆ ಬಾಳಲಿ?"

ಮಾರನೇ ದಿನ ಊರೆಲ್ಲ ಪೀಠದ ಮುಂದೆ ಸಾಲುಗಟ್ಟಿತು. ನಾನು ಹೇಳಲೇಬೇಕಾದ ಮಾತೊಂದಿದೆ. ನಮ್ಮ ನಲವತ್ತು ಜನರಲ್ಲಿ ಒಂಬತ್ತು ಜನ ಬೆಟ್ಟದ ಕಡೆ ಓಡಿಹೋದರು, ಅವರಲ್ಲಿ ನಾನೂ ಒಬ್ಬಳಾಗಬೇಕಾಗಿತ್ತು. ಆದರೆ ತುಂಬು ಗರ್ಭಿಣಿ, ನಡೆಯಲಾರದೆ ಗಿಣ್ಣಿನ ಮುದುಕಿಯ ಅಟ್ಟದ ಮೇಲೆ ಬಚ್ಚಿಟ್ಟುಕೊಂಡು ಕಿಂಡಿಯಿಂದ ಎಲ್ಲವನ್ನೂ ನೋಡಿದೆ. ಉಳಿದವರು ಒಬ್ಬೊಬ್ಬರಾಗಿ ಹೋಗಿ ಧೂಪ ಹಾಕಿದರು. ನನ್ನ ಮಾವ ಯೂತಿಕ, ನಮಗೆಲ್ಲ ಹಿರಿಯ, ಪ್ರತಿ ಭಾನುವಾರ ರೊಟ್ಟಿ ಮುರಿದು ಕೊಡುತ್ತಿದ್ದವನು, ಅವನೂ ಹೋದ. ಸೈನಿಕನೊಬ್ಬ ಅವನ ಹೆಗಲ ಮೇಲೆ ಕೈಯಿಟ್ಟಿದ್ದ. ಧೂಪ ಹಾಕಿ ಹಿಂದಿರುಗುವಾಗ ಮಾವ ಕಾಲಿಡುವ ಜಾಗ ಕಾಣದವನಂತೆ ಎಡವಿದ.

ಆಗ ಮೆಲ್ತಿನೆಯ ಹೆಸರು ಕೂಗಿದರು. ಅವಳು ಕೆಲಸದ ಬಟ್ಟೆಯಲ್ಲೇ ಬಂದಿದ್ದಳು, ಮೊಳಕೈವರೆಗೆ ಕಲ್ಲಿನ ಬಿಳಿಧೂಳು.

ಅಧಿಕಾರಿ ಪಟ್ಟಿಯಿಂದ ತಲೆ ಎತ್ತಿ ನೋಡಿದ. "ಕಲ್ಲು ಕೆತ್ತೋ ಹೆಂಗಸು ಅಂದ್ರೆ ನೀನೇನಾ? ಈ ಪೀಠ ನಿನ್ನ ಕೆಲಸವಾ?"

"ಅಲ್ಲ ಸ್ವಾಮಿ. ನಂದಾಗಿದ್ರೆ ಹೀಗೆ ವಾಲ್ತಿರಲಿಲ್ಲ."

ಜನ ಒಮ್ಮೆಲೇ ನಕ್ಕುಬಿಟ್ಟರು. ಪೀಠ ನಿಜವಾಗಿಯೂ ಎಡಕ್ಕೆ ವಾಲಿತ್ತು, ಬೆಳಗಿನಿಂದ ಎಲ್ಲರೂ ನೋಡಿಯೂ ಬಾಯಿ ಮುಚ್ಚಿಕೊಂಡಿದ್ದರು. ಸೈನಿಕನೊಬ್ಬ ಕೂಡ ಮುಖ ತಿರುಗಿಸಿ ಮೀಸೆಯಲ್ಲೇ ನಕ್ಕ. ಅಧಿಕಾರಿಯೂ ಸಿಟ್ಟಾಗಲಿಲ್ಲ. "ಸರಿ, ಒಂದು ಚಿಟಿಕೆ ಧೂಪ ಹಾಕಿ ಹೋಗು. ನಿನಗೂ ಕೆಲಸ ಇದೆ, ನನಗೂ ಇದೆ."

"ಹಾಕಲ್ಲ ಸ್ವಾಮಿ."

"ಒಂದೇ ಒಂದು ಚಿಟಿಕೆ ತಾನೆ?"

"ಚಿಟಿಕೆನೇ. ದೊಡ್ಡ ಬಂಡೆ ಸೀಳೋದೂ ಕೂದಲೆಳೆಯಷ್ಟು ಬಿರುಕಿಂದಲೇ. ಗಣೀಲಿ ಹುಟ್ಟಿದೋಳು ನಾನು, ನೋಡಿದೀನಿ."

"ಹಾಗಾದ್ರೆ ನೀನು ಕ್ರೈಸ್ತಳಾ?"

ಎಷ್ಟೋ ವರ್ಷ ನಮ್ಮೂರಲ್ಲಿ ಯಾರೂ ಗಟ್ಟಿಯಾಗಿ ಆಡದ ಮಾತು ಅದು. ಅವಳು ಆಡಿದಳು. "ಹೌದು ಸ್ವಾಮಿ. ಕ್ರೈಸ್ತಳು." ದಿಯೋಗ ಕಣ್ಣು ಮುಚ್ಚಿಕೊಂಡ.

ಅವಳನ್ನು ಹಗ್ಗ ಕಟ್ಟಿ ಪಟ್ಟಣಕ್ಕೆ ಕರೆದೊಯ್ದರು. ಹನ್ನೊಂದು ತಿಂಗಳು ಅಲ್ಲಿ ಒಂದು ನೆಲಮಾಳಿಗೆಯಲ್ಲಿ ಇಟ್ಟರು. ಮೊದಲ ತಿಂಗಳು ಅಂಗಾಲಿಗೆ ಹೊಡೆದರು, ಮನಸ್ಸು ಬದಲಾಯಿತೇ ಎಂದು ದಿನವೂ ಕೇಳಿದರು. ಆಮೇಲೆ ಕೇಳುವವರಿಗೇ ಬೇಜಾರಾಯಿತು. ಹೆರಿಗೆಯಾಗಿ ಮೂರು ತಿಂಗಳಿಗೆ ನಾನು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಜವೆರೊಟ್ಟಿ, ಈರುಳ್ಳಿ, ಆಡಿನ ಗಿಣ್ಣು ತೆಗೆದುಕೊಂಡು ಒಂದೂವರೆ ದಿನ ನಡೆದು ಹೋದೆ. ಸೆರೆಮನೆಯ ಕಾವಲಿನವನು ನನ್ನನ್ನು ಗದರಿಸುತ್ತಾನೆಂದುಕೊಂಡಿದ್ದೆ. ಅವನು ಬುತ್ತಿಯನ್ನು ಬಿಚ್ಚಿಯೂ ನೋಡಲಿಲ್ಲ.

"ಕಲ್ಲಿನವ್ವನ ಕಡೆಯೋಳಾ? ಹೋಗು, ಒಳಗೆ ಹೋಗು."

ಆಮೇಲೆ ತಿಳಿಯಿತು. ಆ ಚಳಿಗಾಲದಲ್ಲಿ ಅವನ ಆರು ವರ್ಷದ ಮಗಳು ತೀರಿಕೊಂಡಿದ್ದಳು. ಸಮಾಧಿಗೆ ಕಲ್ಲು ಹಾಕಿಸುವ ಶಕ್ತಿ ಅವನಿಗಿರಲಿಲ್ಲ. ಚಿಕ್ಕಮ್ಮ ಒಂದು ಮಾಡಿನ ಹೆಂಚು, ಒಂದು ಮೊಳೆ ಕೇಳಿ ಪಡೆದು, ಸರಪಳಿಯ ಕೈಯಲ್ಲೇ ಆ ಮಗುವಿನ ಹೆಸರು ಕೆತ್ತಿ ಕೊಟ್ಟಿದ್ದಳು. ಪಕ್ಕದಲ್ಲಿ ಒಂದು ಗುಬ್ಬಿ. ಅಂದಿನಿಂದ ಅವಳಿಗೆ ಹುಲ್ಲಿನ ಹಾಸಿಗೆ ಬಂತು, ಕಾಲಿಗೆ ಎಣ್ಣೆ ಬಂತು.

"ಚಿಕ್ಕಪ್ಪ ಹೇಗಿದಾರೆ?" ಎಂದಳು ಮೊದಲು.

"ಚೆನ್ನಾಗಿದಾರೆ. ನಮ್ಮೋರೇ ಸರದಿಯ ಮೇಲೆ ಅಡುಗೆ ಮಾಡಿ ಹಾಕ್ತಿದಾರೆ. ಧೂಪ ಹಾಕಿದೋರು ಕೂಡ. ನಮ್ಮ ಮಾವ ದಿನಾ ಬಂದು ನೀರು ತುಂಬಿಸಿಟ್ಟು, ಮಾತಾಡದೆ ಹೋಗ್ತಾರೆ. ಆದರೂ ಚಿಕ್ಕಪ್ಪನಿಗೆ ಹೆಜ್ಜೆ ಸಪ್ಪಳದಲ್ಲೇ ಗೊತ್ತಾಗುತ್ತೆ."

ಅವಳು ಗೋಡೆಗೆ ಒರಗಿ ನಕ್ಕಳು. ಹಲ್ಲು ಎರಡು ಹೋಗಿದ್ದವು. "ಹಾಗಾದ್ರೆ ನಾವು ಸೋತಿಲ್ಲ ಬಿಡು ತಾತಿಯಾ," ಎಂದಳು.

ಮರುವರ್ಷ ಚಕ್ರವರ್ತಿ ಉತ್ತರದ ಜೌಗುನಾಡಿನಲ್ಲಿ ಯುದ್ಧಕ್ಕೆ ಹೋಗಿ ಅಲ್ಲೇ ಸತ್ತ. ಅವನ ಹೆಣವೂ ಸಿಗಲಿಲ್ಲವೆಂದು ಜನ ಆಡಿಕೊಂಡರು. ಆಜ್ಞೆ ತಾನಾಗಿಯೇ ತಣ್ಣಗಾಯಿತು. ಬಾಗಿಲು ತೆರೆದ ಕಾವಲಿನವನು ತನ್ನ ಕತ್ತೆಯ ಮೇಲೆ ಚಿಕ್ಕಮ್ಮನನ್ನು ಕೂರಿಸಿ ಅರ್ಧ ದಾರಿಯವರೆಗೆ ತಾನೇ ಬಂದ, ಆಮೇಲೆ ಕತ್ತೆಯನ್ನು ಅವಳಿಗೇ ಬಿಟ್ಟು ಹಿಂದಿರುಗಿದ.

ಅವಳು ಊರೊಳಗೆ ಬಂದದ್ದು ಸುಗ್ಗಿಯ ಮಧ್ಯಾಹ್ನ. ಕಣದಲ್ಲಿದ್ದ ಜನ ಮೊರ ಬಿಟ್ಟು ಓಡಿಬಂದರು. ಹಿಂದೆ ಬಾವಿಯ ಬಳಿ ಕುಹಕ ಆಡಿದವರೇ ಕೈ ಹಿಡಿದು ಇಳಿಸಿದರು. ಆದರೆ ನಮ್ಮವರಲ್ಲಿ ಬಹಳ ಜನ ಹೊರಗೆ ಬರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದರು. ಬೆಟ್ಟಕ್ಕೆ ಓಡಿದ್ದ ಒಂಬತ್ತು ಜನರಲ್ಲಿ ಕೆಲವರು ಗಟ್ಟಿದನಿಯಲ್ಲಿ, "ಧೂಪ ಹಾಕಿದೋರನ್ನ ಮತ್ತೆ ಸೇರಿಸಬಾರದು. ಅವರೇ ಬಿಟ್ಟು ಹೋದರು," ಎನ್ನುತ್ತಿದ್ದರು.

ಚಿಕ್ಕಮ್ಮ ಕುಂಟುತ್ತ ತನ್ನ ಮನೆಯನ್ನು ದಾಟಿ ನೇರ ಯೂತಿಕನ ಬಾಗಿಲಿಗೆ ಹೋದಳು. ತಟ್ಟಿದಳು. ಒಳಗಿನಿಂದ ಸದ್ದಿಲ್ಲ.

"ಯೂತಿಕಣ್ಣಾ, ನನ್ನ ಕಾಲು ಧೂಳಾಗಿದೆ. ಬಿಸಿನೀರು ಕೊಡ್ತೀಯೋ, ದಿಯೋಗನ ಮನೇಗೆ ಹೋಗಿ ಕೇಳಲೋ?"

ಬಾಗಿಲು ತೆರೆಯಿತು. ಮಾವನ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅವನು ತಾನೇ ನೀರು ಕಾಯಿಸಿ ತಂದು, ನೆಲದ ಮೇಲೆ ಕೂತು, ಆ ಒಡೆದ ಅಂಗಾಲುಗಳನ್ನು ತೊಳೆದ. ತೊಳೆಯುತ್ತಲೇ ಅಳುತ್ತಿದ್ದ. ಚಿಕ್ಕಮ್ಮ ಅವನ ತಲೆಯ ಮೇಲೆ ಕೈಯಿಟ್ಟು, ಬಾಗಿಲಲ್ಲಿ ನಿಂತಿದ್ದ ನಮ್ಮೆಲ್ಲರ ಕಡೆ ತಿರುಗಿದಳು.

"ಏಟು ತಿಂದೋಳು ನಾನು. ಸೇರಿಸಬಾರದು ಅನ್ನೋಕೆ ಯಾರಿಗಾದ್ರೂ ಹಕ್ಕಿದ್ರೆ ನನಗೆ. ನಾನೇ ಅನ್ನಲ್ಲ ಅಂದಮೇಲೆ ನಿಮ್ಮದೇನು? ನಿಮ್ಮನ್ನ ಯಾರೂ ಕೇಳೇ ಇಲ್ಲ, ಬೆಟ್ಟದ ಮೇಲೆ ಕೂತಿದ್ರಿ. ಕೇಳಿದ್ರೆ ಏನಂತಿದ್ರೋ ದೇವರಿಗೇ ಗೊತ್ತು."

ಆ ಭಾನುವಾರ ಯೂತಿಕನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿಲ ಬಳಿ ನನ್ನ ಚಿಕ್ಕಪ್ಪ ಗೋಡೆ ಹಿಡಿದುಕೊಂಡು ನಿಂತಿದ್ದ. "ಹನ್ನೊಂದು ತಿಂಗಳು ನಿಮ್ಮ ಗಂಜಿ ಕುಡಿದಿದೀನಿ. ಇನ್ನು ನಿಮ್ಮ ದೇವರನ್ನ ನೋಡದೇ ಇರೋದು ನ್ಯಾಯ ಅಲ್ಲ," ಎಂದ. ಚಿಕ್ಕಮ್ಮ, "ಕಣ್ಣಿಲ್ಲದೋರು ಹೇಗೆ ನೋಡ್ತೀರಿ?" ಎಂದಳು. "ನಿನ್ನ ಅಕ್ಷರಗಳನ್ನ ನೋಡೋ ಹಾಗೆ, ಬೆರಳಲ್ಲಿ," ಎಂದ.

ಮುಂದಿನ ಬೇಸಿಗೆ ಜ್ವರ ಬಂತು. ದಿಯೋಗನ ಮನೆಯಲ್ಲಿ ಐದು ಜನ ಮಲಗಿದರು. ಆಳುಗಳು ಓಡಿಹೋದರು, ನೆಂಟರು ಹೊಸ್ತಿಲು ತುಳಿಯಲಿಲ್ಲ. ಚಿಕ್ಕಮ್ಮ, ನಾನು, ಮಾವ ಸರದಿಯ ಮೇಲೆ ಹೋಗಿ ನೀರು ಕುಡಿಸಿದೆವು, ಹಾಸಿಗೆ ಬದಲಿಸಿದೆವು. ದಿಯೋಗನ ತಾಯಿ ಉಳಿಯಲಿಲ್ಲ. ಅವನು, ಅವನ ಹೆಂಡತಿ, ಮಕ್ಕಳು ಉಳಿದರು. ನಮ್ಮವರಲ್ಲಿ ಗಿಣ್ಣಿನ ಮುದುಕಿ ಅದೇ ಜ್ವರದಲ್ಲಿ ಹೋದಳು. ದಿಯೋಗ ಎದ್ದು ಕೂರುವಂತಾದಮೇಲೆ ಚಿಕ್ಕಮ್ಮನನ್ನು ನೋಡಿ, "ನಿಮಗೆಲ್ಲ ತಲೆ ಕೆಟ್ಟಿದೆ ಕಣವ್ವ," ಎಂದ. ಅವನ ಬಾಯಲ್ಲಿ ಅದು ಹೊಗಳಿಕೆ.

ಅದಾಗಿ ಆರು ವರ್ಷಕ್ಕೆ ಚಿಕ್ಕಪ್ಪ ತ್ರೋಫಿಮ ತೀರಿಕೊಂಡ. ನಾಲ್ಕು ದಿನ ಮಾತ್ರ ಮಲಗಿದ್ದ. ಕೊನೆಯ ದಿನ ಹೆಂಡತಿಯ ಕೈ ಹುಡುಕಿ ಹಿಡಿದುಕೊಂಡು ಹೇಳಿದ, "ನಾನು ಬದುಕಿಡೀ ಮುಚ್ಚಿದ ಬಾಗಿಲೇ ಕೆತ್ತಿದೆ. ನನಗೆ ಮುಚ್ಚಿದ್ದು ಬೇಡ ಕಣೆ. ತೆರೆದದ್ದು ಕೆತ್ತು."

ನಮ್ಮ ಕಣಿವೆಯಲ್ಲಿ ತೆರೆದ ಬಾಗಿಲಿನ ಕಲ್ಲನ್ನು ಯಾರೂ ಕಂಡಿರಲಿಲ್ಲ. ಚಿಕ್ಕಮ್ಮ ಗಣಿಯಿಂದ ಆಳೆತ್ತರದ ಬಿಳಿಗಲ್ಲು ತರಿಸಿ ಎರಡು ತಿಂಗಳು ಕೆಲಸ ಮಾಡಿದಳು. ಬಲಗಡೆಯ ರೆಕ್ಕೆ ಮುಚ್ಚಿತ್ತು, ಎಡಗಡೆಯದು ಹಿಂದಕ್ಕೆ ಸರಿದು, ಕಲ್ಲಿನೊಳಗೆ ಆಳವಾಗಿ ದಾರಿಯೊಂದು ಹೋದಂತೆ. ಕೆಳಗೆ ಅಕ್ಷರಗಳಿಗೆ ಜಾಗ ಬಿಟ್ಟು ನಮ್ಮನ್ನೆಲ್ಲ ಕರೆದಳು.

"ಇಲ್ಲಿ, 'ಕ್ರೈಸ್ತರು ಕ್ರೈಸ್ತನಿಗಾಗಿ ನಿಲ್ಲಿಸಿದ್ದು' ಅಂತ ಬರೀತೀನಿ. ಕಲ್ಲನ್ನ ಹೆದ್ದಾರಿಗೆ ಮುಖಮಾಡಿ ನಿಲ್ಲಿಸೋಣ."

ಆ ರಸ್ತೆಯಲ್ಲಿ ಸೈನ್ಯ ಹೋಗುತ್ತದೆ, ಮಂಡಲಾಧಿಪತಿಯ ಗಾಡಿಗಳು ಹೋಗುತ್ತವೆ. ಹೊಲದೊಡತಿ ಮೆಲ್ಲಗೆ, "ಇನ್ನೊಂದು ಆಜ್ಞೆ ಬಂದರೆ? ಅವರಿಗೆ ಪಟ್ಟಿ ಹುಡುಕೋ ಕೆಲಸವೂ ಇರಲ್ಲ. ಕಲ್ಲು ಓದಿದ್ರೆ ಸಾಕು," ಎಂದಳು.

"ಓದಲಿ ಅಂತಲೇ ಅಲ್ವಾ ಕೆತ್ತೋದು?"

"ನಿಲ್ಲಿಸಿದೋರ ಹೆಸರೂ ಹಾಕಬೇಕಾಗುತ್ತಲ್ಲ. ಮೊದಲು ಯಾರ ಹೆಸರು?" ಎಂದು ಯಾರೋ ಹಿಂದಿನಿಂದ ಕೇಳಿದರು.

ಆಗ ಯೂತಿಕ ಕೋಲೂರಿಕೊಂಡು ಎದ್ದ. ಎಪ್ಪತ್ತರ ಮುದುಕ, ಬೆನ್ನು ಬಾಗಿತ್ತು. "ನನ್ನ ಹೆಸರು ಹಾಕು ತಾಯಿ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ. ಒಂದು ಸಲ ಊರ ಮುಂದೆ ಇಲ್ಲ ಅಂದೆ. ಈಗ ಊರ ಮುಂದೆ, ರಸ್ತೆ ಮುಂದೆ, ಸೈನ್ಯದ ಮುಂದೆ ಹೌದು ಅಂತೀನಿ. ನಾನು ಸತ್ತಮೇಲೂ ಅನ್ನುತ್ತಾ ಇರಲಿ."

ನನ್ನ ಮಾವನನ್ನು ನಾನು ಅಷ್ಟು ಎತ್ತರವಾಗಿ ಎಂದೂ ಕಂಡಿರಲಿಲ್ಲ. ಅವನ ಹಿಂದೆಯೇ ಚರ್ಮದವನು ಎದ್ದ, ಹೊಲದೊಡತಿ ಎದ್ದಳು. ಕೊನೆಗೆ, "ಕಲ್ಲಲ್ಲಿ ಜಾಗ ಇಲ್ಲ ಕಣ್ರಪ್ಪ, ಸಾಕು ಮಾಡಿ!" ಎಂದು ಚಿಕ್ಕಮ್ಮ ಕೂಗಬೇಕಾಯಿತು.

ಕಲ್ಲು ನಿಲ್ಲಿಸಿದ ದಿನ ಬಿಸಿಲು ಚೆನ್ನಾಗಿತ್ತು. ನಮ್ಮ ಎತ್ತುಗಳು ಬಡಕಲು; ಏರಿನಲ್ಲಿ ಬಂಡಿ ನಿಂತುಬಿಟ್ಟಿತು. ಆಗ ಕೆಳಗಿನಿಂದ ದೊಡ್ಡ ದನಿ ಕೇಳಿಸಿತು. ದಿಯೋಗ ತನ್ನ ನಾಲ್ಕು ಹೋರಿಗಳನ್ನು ಹೊಡೆದುಕೊಂಡು ಬರುತ್ತಿದ್ದ.

"ಯಜಮಾನ್ರೆ, ಇದರ ಮೇಲೆ ಏನು ಬರೆದಿದೆ ಗೊತ್ತಾ ನಿಮಗೆ?" ಎಂದಳು ಚಿಕ್ಕಮ್ಮ.

"ನನಗೆ ಓದಕ್ಕೆ ಬರುತ್ತಾ? ನಮ್ಮೂರ ತ್ರೋಫಿಮನ ಕಲ್ಲು. ನಾನು ಎಳೀತೀನಿ. ಸರೀರಿ ಆಕಡೆ!"

ಹೋರಿಗಳು ಎಳೆದವು, ಗಂಡಸರು ಹಗ್ಗ ಹಿಡಿದರು, ಹೆಂಗಸರು ಸನ್ನೆಗೋಲು ಹಾಕಿದರು. ಕಲ್ಲು ಅಲುಗಾಡಿ, ತೂಗಾಡಿ, ಗುಂಡಿಯೊಳಗೆ ಧಡಕ್ಕನೆ ಕೂತು ನೆಟ್ಟಗೆ ನಿಂತಿತು. ಚಿಕ್ಕಮ್ಮ ತೂಕದ ಗುಂಡು ಕಟ್ಟಿದ ನೂಲು ಇಳಿಬಿಟ್ಟು ನೋಡಿ ತಲೆಯಾಡಿಸಿದಳು. ಆಗ ಮಾವ ಹಾಡಲು ಶುರುಮಾಡಿದ. ಮುಚ್ಚಿದ ಬಾಗಿಲ ಹಿಂದೆ, ಪಿಸುದನಿಯಲ್ಲಿ ನಾವು ಹಾಡುತ್ತಿದ್ದ ಪದ. ಬಯಲಿನಲ್ಲಿ, ಹಾಡುಹಗಲಿನಲ್ಲಿ, ಎಂಬತ್ತು ಜನ ಒಟ್ಟಿಗೆ ಹಾಡಿದಾಗ ಅದಕ್ಕೆ ಅಷ್ಟು ದೊಡ್ಡ ದನಿಯಿದೆಯೆಂದು ನಮಗೇ ಅಂದು ಗೊತ್ತಾದದ್ದು. ನದಿಯ ಆಚೆ ಕುರಿ ಕಾಯುತ್ತಿದ್ದವರು ನಿಂತು ಕೇಳಿದರಂತೆ.

ಹತ್ತು ದಿನ ಕಳೆದು ಸೈನ್ಯದ ಒಂದು ತುಕಡಿ ಆ ದಾರಿಯಲ್ಲಿ ಬಂತು. ಚಿಕ್ಕಮ್ಮ, ನಾನು ಕಲ್ಲಿನ ಬುಡಕ್ಕೆ ಮಣ್ಣು ತುಂಬುತ್ತಿದ್ದೆವು, ಓಡಿಹೋಗಲು ಹೊತ್ತಿರಲಿಲ್ಲ. ಮುಂದಿನವನೊಬ್ಬ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಅವರು ನಮ್ಮನ್ನು ನೋಡಿದರು, ಕಲ್ಲನ್ನು ನೋಡಿದರು, ನಡೆದರು. ಕೊನೆಯವನು ಮಾತ್ರ ಚಪ್ಪಲಿಯ ಬಾರು ಕಟ್ಟುವ ನೆವದಲ್ಲಿ ಹಿಂದೆ ಉಳಿದು, ಕಲ್ಲಿನ ಮೇಲೆ ಅಂಗೈ ಇಟ್ಟ.

"ಅವ್ವ, ಭಾನುವಾರ ನೀವು ಎಲ್ಲಿ ಸೇರ್ತೀರಿ?"

"ಮಡಿ ಮಾಡೋ ಯೂತಿಕನ ಮನೇಲಿ. ಯಾರನ್ನ ಕೇಳಿದ್ರೂ ತೋರಿಸ್ತಾರೆ," ಎಂದಳು ಚಿಕ್ಕಮ್ಮ, ಮೊದಲಿಂದಲೂ ಹಾಗೇ ಹೇಳಿಕೊಂಡು ಬಂದವಳಂತೆ. ಅವನು ಆ ಭಾನುವಾರ ಬಂದ, ಇನ್ನೂ ಇಬ್ಬರನ್ನು ಕರೆತಂದ.

ಈಗ ತೆಂಬ್ರಿಸ್ ದಂಡೆಯ ಮೇಲೆ ಮೇಲಕ್ಕೆ ಹೋದರೂ ಕೆಳಕ್ಕೆ ಹೋದರೂ ಆ ಮಾತು ಕೆತ್ತಿದ ಕಲ್ಲುಗಳು ಸಾಲಾಗಿ ಸಿಗುತ್ತವೆ. ರೈತರದು, ಕುರುಬರದು, ಒಬ್ಬ ಹಳೆಯ ಸೈನಿಕನದು, ಪಾರುಪತ್ಯಗಾರನ ಸ್ವಂತ ಮಗಳದು. ಅರ್ಧಕ್ಕಿಂತ ಹೆಚ್ಚಿನವು ನನ್ನ ಚಿಕ್ಕಮ್ಮನ ಕೈಯವು. ಉಳಿದವು ಅವಳು ಕಲಿಸಿದವರ ಕೈಯವು. ಅವಳಿಗೆ ಎಪ್ಪತ್ತೊಂದು. ಕಾಲು ಕುಂಟು, ಕೈ ಗಟ್ಟಿ.

ಮೊನ್ನೆ ಮೇಲಿನ ಹಳ್ಳಿಯ ಹೆಂಗಸೊಬ್ಬಳು ಬದುಕಿರುವಾಗಲೇ ತನ್ನ ಕಲ್ಲು ಮಾಡಿಸಿಟ್ಟುಕೊಳ್ಳಲು ಬಂದಿದ್ದಳು. 'ಕ್ರೈಸ್ತಳು' ಎಂಬ ಅಕ್ಷರಗಳು ಒಂದೊಂದೂ ಗೇಣುದ್ದ ಇರಬೇಕಂತೆ, ನದಿಯ ಆಚೆಯಿಂದಲೂ ಕಾಣಬೇಕಂತೆ.

"ಹಾಗೆ ಮಾಡಿದ್ರೆ ನಿನ್ನ ಹೆಸರಿಗೇ ಜಾಗ ಉಳಿಯಲ್ಲ ಕಣೆ ಹುಚ್ಚಿ," ಎಂದಳು ಚಿಕ್ಕಮ್ಮ.

"ಉಳೀದಿದ್ರೆ ಬಿಡಿ. ಹೆಸರು ಬೇಡ."

ಚಿಕ್ಕಮ್ಮ ನಕ್ಕಳು, ಬಣ್ಣದ ಕುಂಚ ಎತ್ತಿಕೊಂಡು ಕಲ್ಲಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಗೇಣುದ್ದದ ಅಕ್ಷರಗಳಿಗೆ ಗೆರೆ ಎಳೆದಳು.